ಕ್ಯಾಶಿಯರಮ್ಮನ ನೆಲ

ಪರದೆಪ್ಪನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಆ ಹೆಸರು ಹಿಡಿದು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ನಾಟಕಗಳಿಗೆ ಪರದೆ ಬರೆಯುವುದು ಅವನ ಕಸುಬು. ಅರಮನೆ ಬೇಕೆಂದರೆ ಅರಮನೆ, ಕಾಡು ಬೇಕೆಂದರೆ ಕಾಡು, ಜೈಲು ಬೇಕೆಂದರೆ ಕಂಬಿ ಸಮೇತ ಜೈಲು. ಒಮ್ಮೆ ರಾಜನ ಪಾತ್ರದವನೊಬ್ಬ ಮಾತಿನ ಆವೇಶದಲ್ಲಿ ಪರದೆಪ್ಪ ಬರೆದ ಮೆಟ್ಟಿಲು ಹತ್ತಲು ಹೋಗಿ, ಪರದೆಯನ್ನೂ ಕಿರೀಟವನ್ನೂ ಕಟ್ಟಿಕೊಂಡು ದೊಪ್ಪನೆ ಉರುಳಿದ. ಜನ ರಾಜನಿಗೆ ಚಪ್ಪಾಳೆ ತಟ್ಟಿದರು. ಅದು ತನ್ನ ಮೆಟ್ಟಿಲಿಗೆ ಬಿದ್ದ ಚಪ್ಪಾಳೆ ಎಂದು ಪರದೆಪ್ಪ ಇವತ್ತಿಗೂ ವಾದ ಮಾಡುತ್ತಾನೆ. ಹಾಗೆ ನೋಡಿದರೆ ಅವನ ಕೆಲಸಕ್ಕೆ ಹತ್ತಿರ ಬಂದ ಚಪ್ಪಾಳೆ ಅದೊಂದೇ.

ಇಂಥ ಮನುಷ್ಯನಿಗೆ ಹೆಂಡತಿಯಾಗಿ ಬಂದವಳು ಬ್ಯಾಂಕಿನ ಕ್ಯಾಶಿಯರ್. ನೋಟಿನ ಕಟ್ಟನ್ನು ಅವಳು ಸರ್ರನೆ ಸರಿಸುವಾಗ ಬೆರಳು ಎಲ್ಲಾದರೂ ತಾನಾಗಿ ನಿಂತರೆ, ಅಲ್ಲೊಂದು ಖೋಟಾ ಇದೆ ಎಂದೇ ಅರ್ಥ. ಅವಳ ಕೌಂಟರ್ ದಾಟಿ ಒಂದೇ ಒಂದು ಖೋಟಾ ನೋಟು ಒಳಗೆ ಹೋದದ್ದಿಲ್ಲ. ಬೀದಿಯವರೆಲ್ಲ ಅವಳನ್ನು ಕ್ಯಾಶಿಯರಮ್ಮ ಎಂದೇ ಕರೆಯುತ್ತಿದ್ದರು. ಖೋಟಾ ಹಿಡಿಯುವವಳಿಗೂ ಖೋಟಾ ಸೃಷ್ಟಿಸುವವನಿಗೂ ಯಾರು ಗಂಟು ಹಾಕಿದರೋ, ಅವರಿಗೆ ತಮಾಷೆಯ ಸ್ವಭಾವ ಇದ್ದಿರಬೇಕು.

ಮದುವೆಗೆ ಮುಂಚೆ ಅವಳ ಅಪ್ಪ ಹುಡುಗನ ಮನೆ ನೋಡಲು ಬಂದಿದ್ದರು. ಹಾಲ್‌ನಲ್ಲಿ ಸಾಲಾಗಿ ಕಿಟಕಿಗಳು. "ಗಾಳಿ ಬೆಳಕು ಚೆನ್ನಾಗಿದೆ" ಎಂದು ತಲೆದೂಗಿ ಹೋದರು. ಮದುವೆಯಾಗಿ ಬಂದ ಮರುದಿನ ಬೆಳಿಗ್ಗೆ, ಸೆಕೆ ಎಂದು ಕಿಟಕಿ ತೆಗೆಯಲು ಹೋದ ಹುಡುಗಿಯ ಉಗುರಿಗೆ ಸುಣ್ಣ ಮೆತ್ತಿಕೊಂಡಿತು. ಒಂದನ್ನು ಬಿಟ್ಟರೆ ಉಳಿದ ಕಿಟಕಿಗಳೆಲ್ಲ ಗೋಡೆಯ ಮೇಲೆ ಬರೆದವು.

"ರೀ, ಇದು ತೆರೆಯೋದೇ ಇಲ್ವಲ್ರೀ!"

"ತೆರೆಯೋ ಹಾಗೆ ಕಾಣುತ್ತೆ ತಾನೆ?" ಪರದೆಪ್ಪ ಹಿಗ್ಗಿ ಹೀರೇಕಾಯಿಯಾದ. "ಆಮೇಲೆ ನಿಜದ್ದೇ ಇಡಿಸೋಣ ಬಿಡು."

ಆ "ಆಮೇಲೆ" ಬರಲೇ ಇಲ್ಲ. ಅವಳು ಷೋಕೇಸು ಬೇಕೆಂದಳು. ಗೋಡೆಯ ಮೇಲೆ ಷೋಕೇಸು ಬಂತು, ಒಳಗೆ ಗಾಜಿನ ಬಾತುಕೋಳಿ ಸಮೇತ. ಪುಸ್ತಕದ ಕಪಾಟು ಬೇಕೆಂದಳು. ಪುಸ್ತಕ ತುಂಬಿದ ಕಪಾಟೇ ಬಂತು, ಓದಲು ಒಂದಕ್ಷರವಿಲ್ಲ. ಸಿಮೆಂಟಿನ ನೆಲ ಬಿರುಕು ಬಿಟ್ಟಾಗ ಜಮಖಾನೆ ಕೇಳಿದಳು. ಪರದೆಪ್ಪ ಬಿರುಕಿನ ಮೇಲೆಯೇ ಒಂದು ಜಮಖಾನೆ ಬರೆದ, ಒಂದು ಮೂಲೆ ಮಡಚಿಕೊಂಡಂತೆ. ಬಂದವರೆಲ್ಲ ಕಾಲಿನಿಂದ ಆ ಮೂಲೆಯನ್ನು ಸರಿಮಾಡಲು ನೋಡಿ ಸುಸ್ತಾಗುತ್ತಿದ್ದರು. ಪರದೆಪ್ಪ ಬಾಗಿಲ ಹಿಂದೆ ನಿಂತು ಕಿಸಕ್ಕೆಂದು ನಗುತ್ತಿದ್ದ. ಕ್ಯಾಶಿಯರಮ್ಮ ನಗುತ್ತಿರಲಿಲ್ಲ. ಬರೆದ ಜಮಖಾನೆ ಹಿಮ್ಮಡಿಯನ್ನು ಬೆಚ್ಚಗಿಡುವುದಿಲ್ಲವಲ್ಲ. ಇಷ್ಟು ವರ್ಷ ಸಂಸಾರ ಮಾಡಿದ ಮನೆಯಲ್ಲಿ ತಾನು ಆರಿಸಿ ತಂದದ್ದು ಎನ್ನುವ ಒಂದು ವಸ್ತುವೂ ಇಲ್ಲವೆಂಬ ನೋವು ಅವಳಿಗಿತ್ತು. ಕೇಳಿದ್ದೆಲ್ಲ ಗಂಡನ ಬ್ರಷ್ಷಿನಿಂದಲೇ ಬಂದಿತ್ತು.

ಅವಳು ಕೆಲಸದಿಂದ ನಿವೃತ್ತಳಾದ ವಾರವೇ ಮಾತು ತೆಗೆದಳು.

"ರೀ, ನೆಲ ಹಾಕಿಸ್ತೀನಿ."

"ನೀನ್ಯಾಕೆ ಹಾಕಿಸ್ಬೇಕು? ನಾನು ಅಮೃತಶಿಲೆ ಬರೀತೀನಿ. ನರ ನರ ಕಾಣೋ ಹಾಗೆ."

"ಬೇಡ. ನಾನೇ ನೋಡಿ, ನಾನೇ ಆರಿಸಿ, ನಾನೇ ಹಾಕಿಸ್ತೀನಿ. ಈ ನೆಲ ನಂದು. ನೀವು ಇದಕ್ಕೆ ಬ್ರಷ್ ಮುಟ್ಟಿಸಿದ್ರೆ ಅವತ್ತೇ ಕೊನೆ. ಒಂದೇ ಮನೇಲಿ ಇಬ್ಬರೂ ಇರಲ್ಲ."

ಅವಳು ಖೋಟಾ ನೋಟು ಹಿಡಿದಾಗ ಮಾತಾಡುವ ದನಿಯಲ್ಲಿ ಇದನ್ನು ಹೇಳಿದಳು. ಪರದೆಪ್ಪ ಕೈಯಲ್ಲಿದ್ದ ಬ್ರಷ್ಷನ್ನು ಕೆಳಗಿಟ್ಟ. "ಆಯ್ತು ಮಾರಾಯ್ತಿ, ಮುಟ್ಟಲ್ಲ" ಎಂದ. ಮಾತು ಕೊಡುವುದು ಸುಲಭ. ಬ್ರಷ್ ಹಿಡಿದ ಕೈಗೆ ಕಿವಿ ಇರುವುದಿಲ್ಲ.

ಅಂಗಡಿಗೆ ಇಬ್ಬರೂ ಹೋದರು. ನಿಜವಾದ ಮರದ ನೆಲ ಅವಳ ಕೈಗೆಟುಕುವಂತಿರಲಿಲ್ಲ. ಅಂಗಡಿಯವನು ಲ್ಯಾಮಿನೇಟ್ ತೋರಿಸಿದ. ಒಂದು ತುಂಡನ್ನು ಅಡ್ಡಕ್ಕೆ ಕೊಯ್ದು ಇಟ್ಟಿದ್ದ. "ನೋಡಿ ಮೇಡಂ, ಮಧ್ಯೆ ಇರೋದು ಮರದ ಪುಡೀನ ಒತ್ತಿ ಒತ್ತಿ ಮಾಡಿದ ಹಲಗೆ. ಅದರ ಮೇಲೆ ಮರದ ಚಿತ್ರ. ಚಿತ್ರದ ಮೇಲೆ ಗಾಜಿನ ಹಾಗೆ ಗಟ್ಟಿ ಪದರ, ಗೀರು ಬೀಳದೆ ಇರ್ಲಿ ಅಂತ."

ಪರದೆಪ್ಪನ ಕಿವಿ ನೆಟ್ಟಗಾಯಿತು. "ಏನಂದ್ರಿ? ಚಿತ್ರಾನಾ?"

"ಹೂಂ ಸಾರ್. ಮರದ್ದೇ ಫೋಟೋ."

ಪರದೆಪ್ಪ ಅಂಗಡಿಯ ನಡುವೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕ. "ಕೇಳಿಸ್ಕೊಂಡ್ಯೇನೇ? ನನ್ನ ಬ್ರಷ್ ಬೇಡ ಅಂದವಳು ಫೋಟೋ ಮೇಲೆ ಓಡಾಡೋಕೆ ಹೊರಟಿದ್ದೀಯ!"

ಕ್ಯಾಶಿಯರಮ್ಮ ತುಂಡನ್ನು ಬೆಳಕಿಗೆ ಹಿಡಿದು ಉಗುರಿನಿಂದ ಗೀರುತ್ತಿದ್ದಳು. ತಲೆಯೆತ್ತದೆ ಹೇಳಿದಳು: "ಇವರು ಕೇಳಿದ ಕೂಡ್ಲೆ ಫೋಟೋ ಅಂತ ಒಪ್ಕೊಂಡ್ರು. ನೀವು ಯಾವತ್ತಾದ್ರೂ ನಮ್ಮಪ್ಪನಿಗೆ ಅದು ಕಿಟಕಿ ಅಲ್ಲ, ಗೋಡೆ ಅಂತ ಹೇಳಿದ್ರಾ? ಇದರ ಮೇಲೆ ನಡೀಬಹುದು, ಒರೆಸಬಹುದು, ಕಾಲು ತಣ್ಣಗಾಗಲ್ಲ. ನೆಲ ಅಂತ ಕೊಡ್ತಾರೆ, ನೆಲಾನೇ ಆಗಿರುತ್ತೆ. ಅಷ್ಟು ಸಾಕು ನಂಗೆ."

ಅಂಗಡಿಯವನು ಎರಡು ಕಡೆಯೂ ತಲೆಯಾಡಿಸಿದ. ಅವನಿಗೂ ಸಂಸಾರ ಇತ್ತು.

ಆಮೇಲೆ ಅವಳು ಅವನನ್ನು ಕೇಳಿದ ಪ್ರಶ್ನೆಗಳಿಗೆ ಅವನು ನೀರು ಕುಡಿಯಬೇಕಾಯಿತು. ಮಲಗುವ ಕೋಣೆಗೆ ಸಾಕಾಗುವ ಹಲಗೆ ಹತ್ತು ಜನ ತುಳಿದಾಡುವ ಹಾಲ್‌ಗೆ ಸಾಕೇ? ಸಾಲದು, ಅದಕ್ಕೆ ಸವೆತ ತಡೆಯುವ ದರ್ಜೆ ಮೇಲಿನದು ಬೇಕು, ಡಬ್ಬದ ಮೇಲೆ ಬರೆದಿರುತ್ತದೆ. ನೀರು ಬಿದ್ದರೆ? ತಕ್ಷಣ ಒರೆಸಿದರೆ ಏನೂ ಆಗದು, ಸಂದಿಗೆ ಇಳಿದು ನಿಂತರೆ ಹಲಗೆ ಉಬ್ಬುತ್ತದೆ. ಬಕೆಟ್ಟುಗಟ್ಟಲೆ ಸುರಿದು ತೊಳೆಯುವ ಹಾಗಿಲ್ಲ, ಹಿಂಡಿದ ಬಟ್ಟೆಯೇ ಸಾಕು. ನಡೆದರೆ ಟೊಕ್ ಟೊಕ್ ಎನ್ನುವುದೇ? ಕೆಳಗೆ ಒಳ್ಳೆಯ ಫೋಮ್ ಹಾಳೆ ಹಾಸಿದರೆ ಇಲ್ಲ. ಬಣ್ಣ ಗಿಣ್ಣ ಚೆಲ್ಲಿದರೆ? ಇದನ್ನು ಕೇಳುವಾಗ ಅವಳು ಗಂಡನ ಮುಖ ನೋಡಿದಳು. ಬಟ್ಟೆಗೆ ಸ್ವಲ್ಪ ಥಿನ್ನರ್ ಹಚ್ಚಿ ಒರೆಸಿದರೆ ಹೋಗುತ್ತದೆ ಎಂದ ಅಂಗಡಿಯವನು.

ಅಲ್ಲಿಗೂ ಅವಳು ಒಪ್ಪಲಿಲ್ಲ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಗೋಡೆಗೆ ಒರಗಿಸಿಟ್ಟ ಹಲಗೆ ಕಂಡ ಹಾಗೆ ಮನೆಯ ನೆಲದ ಮೇಲೆ ಕಾಣುವುದಿಲ್ಲವೆಂದು ಮೂರು ಬಗೆಯ ತುಂಡುಗಳನ್ನು ಮನೆಗೆ ಹೊತ್ತು ತಂದಳು. ಬೆಳಿಗ್ಗೆ ಬಿಸಿಲು ಬೀಳುವಲ್ಲಿ ಇಟ್ಟು ನೋಡಿದಳು, ಸಂಜೆ ದೀಪ ಹಾಕಿ ನೋಡಿದಳು. ಮೇಲೆ ಕುರ್ಚಿ ಎಳೆದಳು. ಕುಕ್ಕರಿನ ಮುಚ್ಚಳ ಬೀಳಿಸಿದಳು. ಅಂಚಿಗೆ ಒದ್ದೆ ಬಟ್ಟೆ ಸುತ್ತಿ ದಿನವಿಡೀ ಬಿಟ್ಟಳು. ಒಂದು ತುಂಡು ಹಲ್ಲುನೋವಿನ ಕೆನ್ನೆಯಂತೆ ಊದಿಕೊಂಡಿತು, ಅದನ್ನು ಹೊರಗಿಟ್ಟಳು. ಇನ್ನೊಂದು ಕನ್ನಡಿಯಂತೆ ಹೊಳೆಯುತ್ತಿತ್ತು. ಅದರ ಮೇಲೆ ಧೂಳೂ ಅಷ್ಟೇ ಚೆನ್ನಾಗಿ ಕಂಡಿತು, ಅದೂ ಹೊರಗೆ ಹೋಯಿತು. ಉಳಿದದ್ದು ಹೊಳಪಿಲ್ಲದ ಜೇನುಬಣ್ಣದ್ದು. ಅದರ ಮೇಲೆ ಬರಿಗಾಲಲ್ಲಿ ಬಹಳ ಹೊತ್ತು ನಿಂತು, "ಇದೇ" ಎಂದಳು.

"ಹೆಣ್ಣು ನೋಡೋಕೆ ಬಂದಾಗ್ಲೂ ನಾನು ಇಷ್ಟೆಲ್ಲ ನೋಡಿರಲಿಲ್ಲ" ಎಂದ ಪರದೆಪ್ಪ.

"ಗಂಡಿನ ಮನೆ ನೋಡೋಕೆ ಬಂದಾಗ ನಮ್ಮಪ್ಪನೂ ನೋಡಿರಲಿಲ್ಲ. ಅದಕ್ಕೇ ಹೀಗಾಗಿರೋದು."

ಹಲಗೆಯ ಡಬ್ಬಗಳು ಬಂದವು. ಮನೆಯ ಹವೆಗೆ ಒಗ್ಗಬೇಕೆಂದು ಎರಡು ದಿನ ಹಾಲ್‌ನಲ್ಲಿ ಸುಮ್ಮನೆ ಮಲಗಿದವು. "ನನ್ನ ಪರದೆಗಳು ಯಾವತ್ತೂ ಹೀಗೆ ಅಳಿಯನ ಹಾಗೆ ಬಿದ್ದುಕೊಂಡಿರಲಿಲ್ಲ" ಎಂದು ಪರದೆಪ್ಪ ಅವುಗಳನ್ನು ದಾಟಿ ದಾಟಿ ಓಡಾಡಿದ. ಮೂರನೆಯ ದಿನ ಕೆಲಸದವನು ಬಂದು ಫೋಮ್ ಹಾಸಿ, ಹಲಗೆಗೆ ಹಲಗೆ ಸಿಕ್ಕಿಸಿ, ಟಕ್ ಟಕ್ ಎಂದು ತಟ್ಟಿ ಕೂರಿಸಿದ. ಸೆಕೆಗೆ ಹಿಗ್ಗಲು ಜಾಗವಿರಲೆಂದು ಗೋಡೆಯ ಪಕ್ಕ ಬೆರಳು ತೂರುವಷ್ಟು ಬಿಟ್ಟು, ಅದು ಕಾಣದಂತೆ ಪಟ್ಟಿ ಹೊಡೆದ. ಬರೆದ ಜಮಖಾನೆ ಮಡಚಿದ ಮೂಲೆಯ ಸಮೇತ ಅಡಿಯಲ್ಲಿ ಹೂತುಹೋಯಿತು. ಕ್ಯಾಶಿಯರಮ್ಮ ಚಪ್ಪಲಿ ಬಿಟ್ಟು ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ ನಡೆದಳು. ಅವಳ ಮುಖ ನೋಡಿ ಪರದೆಪ್ಪನಿಗೂ ಖುಷಿಯಾಯಿತು. ಮಾತು ಕೊಟ್ಟದ್ದು ಒಳ್ಳೆಯದೇ ಆಯಿತು ಎಂದುಕೊಂಡ.

ಆ ಖುಷಿ ಮರುದಿನದ ಕಾಫಿಯವರೆಗೆ ಬಾಳಿತು. ಲೋಟ ಹಿಡಿದು ಕೂತವನ ಕಣ್ಣು ಹಲಗೆಯ ಮೇಲಿನ ಒಂದು ಗಂಟಿನ ಮೇಲೆ ಬಿತ್ತು. ಮರದ ಗಂಟು, ಎಮ್ಮೆಯ ಕಣ್ಣಿನ ಹಾಗಿತ್ತು. ಚೆನ್ನಾಗಿಯೇ ಇದೆ ಎಂದುಕೊಂಡ. ಪಕ್ಕದ ಸಾಲಿನಲ್ಲಿ ಇನ್ನೊಂದು ಎಮ್ಮೆಕಣ್ಣು. ಅದೇ ಅಗಲ, ಅದೇ ರೆಪ್ಪೆ. ಬಾಗಿಲ ಹತ್ತಿರ ಮತ್ತೊಂದು. ಟೇಬಲ್ಲಿನ ಕೆಳಗೆ ಇನ್ನೊಂದು. ಒಂದೇ ಫೋಟೋವನ್ನು ಕಂಪನಿಯವರು ಮತ್ತೆ ಮತ್ತೆ ಅಚ್ಚು ಹಾಕಿದ್ದರು. ಕೆಲಸದವನು ಡಬ್ಬಗಳನ್ನು ಬೆರೆಸಿ ಜೋಡಿಸಿದ್ದರಿಂದ ಅವು ಅಕ್ಕಪಕ್ಕ ಬಿದ್ದಿರಲಿಲ್ಲ, ಬೇರೆ ಯಾರ ಕಣ್ಣಿಗೂ ಬೀಳುತ್ತಲೂ ಇರಲಿಲ್ಲ. ಆದರೆ ಜೀವಮಾನದಲ್ಲಿ ಒಂದೇ ಎಲೆಯನ್ನು ಎರಡು ಸಲ ಬರೆಯದ ಪರದೆಪ್ಪನಿಗೆ ಹಾಲ್ ಪೂರ್ತಿ ಎಮ್ಮೆಗಳು ಕೂತು ತನ್ನನ್ನೇ ದಿಟ್ಟಿಸಿದಂತಾಯಿತು.

"ಲೇ, ನಿನ್ನ ನೆಲ ಕಣ್ಣು ಬಿಟ್ಕೊಂಡು ನೋಡ್ತಿದೆ ಕಣೇ."

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಕಾಫಿ ಕುಡೀರಿ" ಎಂದಳು ಕ್ಯಾಶಿಯರಮ್ಮ.

ಅವನು ಒಂದು ಕಣ್ಣಿನ ಮೇಲೆ ಕುರ್ಚಿ ಇಟ್ಟ. ಒಂದರ ಮೇಲೆ ಪೇಪರ್ ಹಾಸಿದ. ಒಂದರ ಮೇಲೆ ತಾನೇ ಕೂತ. ಏನು ಮಾಡಿದರೂ ಎರಡು ಎಮ್ಮೆಗಳು ಬಾಕಿ ಉಳಿಯುತ್ತಿದ್ದವು.

ಅಷ್ಟರಲ್ಲಿ ಕ್ಯಾಶಿಯರಮ್ಮನ ತಂಗಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಆರೈಕೆಗೆಂದು ಅಕ್ಕ ಒಂದು ವಾರ ಹೋಗಬೇಕಾಯಿತು. ಹೋಗುವಾಗ, "ನೆಲ ಜೋಪಾನ" ಎಂದಳು. ಗಂಡ ಜೋಪಾನ ಎಂದು ಯಾರಿಗೂ ಹೇಳಲಿಲ್ಲ, ಅದು ಅವಳ ತಪ್ಪು.

ಕಳ್ಳನಿಗೊಂದು ಪಿಳ್ಳೆ ನೆವ. ಪರದೆಪ್ಪನ ನೆವ ಏನೆಂದರೆ, ಬ್ರಷ್ ಮುಟ್ಟಿಸಬಾರದು ಎಂದದ್ದು ನೆಲಕ್ಕೆ, ಗಂಟಿಗಲ್ಲ. ಒಂದೇ ಒಂದು ಗಂಟನ್ನು ತಿದ್ದೋಣ ಎಂದು ಕೂತ. ಎಮ್ಮೆಕಣ್ಣನ್ನು ಮುಚ್ಚಿ ಉದ್ದನೆಯ ಗಂಟೊಂದನ್ನು ಬರೆದ. ಎಷ್ಟು ಚೆನ್ನಾಗಿ ಬಂತೆಂದರೆ ಪಕ್ಕದ ಎಮ್ಮೆಕಣ್ಣು ತೀರಾ ಕಳಪೆಯಾಗಿ ಕಂಡಿತು. ಅದನ್ನೂ ತಿದ್ದಿದ. ಮುಂದಿನದು ಬಿಡುವುದು ಅನ್ಯಾಯವಾಯಿತು. ಬೋರ್ಡು ಬರೆಯುವ ಎನಾಮಲ್ ಬಣ್ಣ, ಮೂರು ಕೂದಲಿನ ಬ್ರಷ್, ಮೇಲೆ ಹೊಳಪಿಲ್ಲದ ವಾರ್ನಿಷ್ಷು. ವಾರ ಮುಗಿಯುವಷ್ಟರಲ್ಲಿ ಎಮ್ಮೆಗಳೆಲ್ಲ ಹೊರಟುಹೋಗಿ, ಒಂದರಂತೆ ಇನ್ನೊಂದಿಲ್ಲದ ಗಂಟುಗಳು ನೆಲದ ತುಂಬ ಎದ್ದಿದ್ದವು. ಅವಳಿ ಗಂಟು, ಸಿಡಿದ ಗಂಟು, ನಿದ್ದೆಗಣ್ಣಿನ ಗಂಟು. ಟೇಬಲ್ಲಿನ ಹತ್ತಿರ ಒಂದು ಹಲಗೆಗೆ ಹುಳ ಕೊರೆದ ತೂತನ್ನೂ ಬರೆದು, ತೂತಿನ ಬಾಯಿಗೆ ಚೂರು ಮರದ ಪುಡಿ ಉದುರಿಸಿದಂತೆ ಚುಕ್ಕಿ ಇಟ್ಟ. ಎದ್ದು ನಿಂತು ನೋಡಿದ. ಇಂಥದನ್ನು ತಾನು ಯಾವತ್ತೂ ಬರೆದಿರಲಿಲ್ಲ ಎಂದು ಅವನಿಗೇ ಅನ್ನಿಸಿತು. ಆಮೇಲೆ ಹೆಂಡತಿ ಹೇಳಿದ ಮಾತು ನೆನಪಾಗಿ ಬಣ್ಣದ ಡಬ್ಬಗಳನ್ನೆಲ್ಲ ಮಂಚದ ಕೆಳಗೆ ತಳ್ಳಿದ.

ಕ್ಯಾಶಿಯರಮ್ಮ ಬಂದಳು. ಚಪ್ಪಲಿ ಬಿಟ್ಟಳು. ಹಾಲ್ ಪೂರ್ತಿ ನಡೆದಳು. ಪರದೆಪ್ಪ ಅಡುಗೆಮನೆಯ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದ.

"ಅಬ್ಬಾ, ಮನೆಗೆ ಬಂದ ಹಾಗಾಯ್ತು. ನೆಲ ನೋಡಿದ್ರೆ ಹೊಟ್ಟೆ ತಣ್ಣಗಾಗುತ್ತೆ" ಎಂದು ಅವಳು ಬಟ್ಟೆ ಬದಲಿಸಲು ಹೋದಳು.

ಅವಳಿಗೆ ಗೊತ್ತಾಗಲಿಲ್ಲ! ಖೋಟಾ ನೋಟನ್ನು ಬೆರಳಲ್ಲೇ ಹಿಡಿಯುವವಳಿಗೆ ಗೊತ್ತಾಗಲಿಲ್ಲ. ಕಾರಣ ಇಷ್ಟೇ: ಒಮ್ಮೆ ನೋಡಿ ಡ್ರಾಯರಿಗೆ ಹಾಕಿದ ನೋಟನ್ನು ಮತ್ತೆ ತೆಗೆದು ನೋಡುವ ಅಭ್ಯಾಸ ಅವಳಿಗಿರಲಿಲ್ಲ. ನೆಲವನ್ನು ಅವಳು ಅಂಗಡಿಯಲ್ಲೇ ನೋಡಿ ಮುಗಿಸಿದ್ದಳು.

ಪರದೆಪ್ಪ ಬದುಕಿದೆಯಾ ಬಡಜೀವವೇ ಎಂದುಕೊಂಡ. ಎರಡು ದಿನ ನೆಮ್ಮದಿಯಿಂದ ಉಂಡ. ಮೂರನೆಯ ದಿನದಿಂದ ಬೇರೆ ಸಂಕಟ ಶುರುವಾಯಿತು. ಅವಳು ನೆಲವನ್ನು ಹೊಗಳತೊಡಗಿದಳು. ಒರೆಸುವಾಗ ಹೊಗಳಿದಳು, ತಂಗಿಗೆ ಫೋನ್ ಮಾಡಿ ಹೊಗಳಿದಳು. "ನೋಡ್ತಾ ನೋಡ್ತಾ ಇನ್ನೂ ಚೆನ್ನಾಗಿ ಕಾಣುತ್ತೆ ಕಣೇ. ಫೋಟೋ ಅಂತ ಹೇಳೋಕೇ ಆಗಲ್ಲ. ಒಂದು ಗಂಟಿನ ಹಾಗೆ ಇನ್ನೊಂದು ಗಂಟಿಲ್ಲ. ಆ ಕಂಪನೀಲಿ ಯಾರೋ ದೊಡ್ಡ ಕಲಾವಿದ ಇರ್ಬೇಕು!"

ಪರದೆಪ್ಪನಿಗೆ ಬಾಯಲ್ಲಿ ಬಿಸಿ ತುಪ್ಪ. ನುಂಗುವಂತಿಲ್ಲ, ಉಗುಳುವಂತಿಲ್ಲ. ಜೀವನದ ಅತ್ಯುತ್ತಮ ಕೆಲಸ ಕಾಲಡಿಯಲ್ಲಿದೆ, ಮೆಚ್ಚಲೇಬೇಕಾದವಳು ಮೆಚ್ಚುತ್ತಿದ್ದಾಳೆ, ಹೆಸರು ಮಾತ್ರ ಎಮ್ಮೆ ಕಂಪನಿಗೆ. ಅವನ ಊಟ ಕಡಿಮೆಯಾಯಿತು. ನಿದ್ದೆಯಲ್ಲಿ ಕಂಪನಿಯವರನ್ನು ಬೈದ. "ಹುಷಾರಿಲ್ವೇನ್ರೀ?" ಎಂದು ಅವಳು ಹಣೆ ಮುಟ್ಟಿ ನೋಡಿದಳು.

ಕೊನೆಗೊಂದು ಮಧ್ಯಾಹ್ನ ಎದುರುಮನೆಯ ಟೀಚರ್ ಬಂದರು. ಕ್ಯಾಶಿಯರಮ್ಮ ಅವರನ್ನು ಟೇಬಲ್ಲಿನ ಹತ್ತಿರ ಕರೆದುಕೊಂಡು ಹೋಗಿ ನೆಲ ತೋರಿಸಿದಳು.

"ಇಲ್ಲಿ ನೋಡಿ ಟೀಚರ್. ಹುಳ ಕೊರೆದ ತೂತನ್ನೂ ಬಿಟ್ಟಿಲ್ಲ. ಪುಡಿ ಉದುರಿರೋದೂ ಇದೆ."

"ಅಯ್ಯೋ, ನಾನು ನಿಜವಾಗ್ಲೂ ಹುಳ ಬಿದ್ದಿದೆ ಅಂದ್ಕೊಂಡೆ! ಕಂಪನಿಯವರು ಎಷ್ಟು ಸೂಕ್ಷ್ಮ ನೋಡಿ!"

"ಕಂಪನಿ ಅಲ್ಲ!" ಮೂಲೆಯ ಕುರ್ಚಿಯಿಂದ ಪರದೆಪ್ಪ ಸ್ಪ್ರಿಂಗಿನಂತೆ ಎದ್ದ. "ಯಾವ ಕಂಪನಿ? ಕಂಪನಿ ಹಾಕಿದ್ದು ಬರೀ ಎಮ್ಮೆಕಣ್ಣು! ಇದು ನಾನು ಬರೆದದ್ದು! ಎಲ್ಲಾನೂ ನಾನೇ ಬರೆದದ್ದು! ಆ ಪುಡಿ ಹಚ್ಚೋಕೆ ಅರ್ಧ ದಿನ ಹಿಡೀತು ನಂಗೆ!"

ಹೇಳಿದ ಮೇಲೆ ಏನು ಹೇಳಿದೆನೆಂದು ಅವನಿಗೆ ಗೊತ್ತಾಯಿತು. ಟೀಚರ್ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗಿ ಓಡಿದರು.

ಕ್ಯಾಶಿಯರಮ್ಮ ನೆಲದ ಮೇಲೆ ಕೂತಳು. ತೂತಿನ ಮೇಲೆ ಬೆರಳಾಡಿಸಿದಳು. ಈಗ ಬೆರಳು ನಿಂತಿತು. ಮುಂದಿನ ಗಂಟಿನ ಮೇಲೆ ನಿಂತಿತು, ಅದರ ಮುಂದಿನದರ ಮೇಲೂ ನಿಂತಿತು. ಅವಳಿಗೆ ಸಿಟ್ಟು ಬಂದಿತ್ತು, ಆದರೆ ಸಿಟ್ಟಿಗಿಂತ ದುಃಖವೇ ಹೆಚ್ಚಾಗಿತ್ತು.

"ಒಂದೇ ಒಂದು ಕೇಳಿದ್ದೆ ನಿಮ್ಮನ್ನ" ಎಂದಳು.

ಪರದೆಪ್ಪ ಅವಳ ಹತ್ತಿರ ಬಂದು ಕೂತ. "ತಂಗಿ ಮನೆಗೆ ಹೋಗಿಬಿಡ್ತೀಯಾ?"

"ನಾನ್ಯಾಕೆ ಹೋಗ್ಲಿ? ನೆಲ ನಂದು. ನೀವು ಹೋಗಿ."

ಹೀಗಾಗಿ ಗಂಡನ ಮೇಲೆ ಮುನಿಸಿಕೊಂಡು ತಂಗಿಯ ಮನೆ ಸೇರಬೇಕಾದ ಹೆಂಡತಿ ತನ್ನ ನೆಲದ ಮೇಲೆಯೇ ಉಳಿದಳು. ಹೆಂಡತಿಯ ತಂಗಿಯ ಮನೆಗೆ ಕೈಚೀಲ ಹಿಡಿದು ಹೊರಟವನು ಗಂಡ. ಷಡ್ಡಕ ಬಾಗಿಲು ತೆಗೆದು, ಹಿಂದೆ ಅತ್ತಿಗೆ ಇದ್ದಾರೋ ಎಂದು ಇಣುಕಿದ. ಇರಲಿಲ್ಲ. "ಊಟ ಆಯ್ತಾ?" ಎಂದ. ಅಂಥ ಹೊತ್ತಿನಲ್ಲಿ ಕೇಳಬಹುದಾದ ಪ್ರಶ್ನೆ ಅದೊಂದೇ.

ನಾಲ್ಕು ದಿನ ಕಳೆದ ಮೇಲೆ ತಂಗಿಯ ಫೋನ್ ಬಂತು.

"ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ಭಾವನ್ನ ವಾಪಸ್ ಕರೆಸ್ಕೋ. ಬೇಜಾರು ಕಳೆಯೋಕೆ ಅಡುಗೆಮನೆ ಗೋಡೆ ಮೇಲೆ ಹಲ್ಲಿ ಬರೆದಿದ್ದಾರೆ. ನಾನು ಪೊರಕೆ ತಗೊಂಡು ಹೊಡೆದೂ ಹೊಡೆದೂ ಕೈ ಬಿದ್ದುಹೋಯ್ತು. ಹೊಸ ಕಣ್ಣು ಹಾಕಿಸ್ಕೊಂಡಿದ್ದು ಇದಕ್ಕೇನಾ?"

ಕ್ಯಾಶಿಯರಮ್ಮ ನಗಬಾರದೆಂದು ಸೆರಗು ಬಾಯಿಗೆ ಒತ್ತಿಕೊಂಡಳು. ಆದರೂ ನಗು ಬಂತು.

ಪರದೆಪ್ಪ ಬಂದಾಗ ನೆಲ ಅವನು ಬಿಟ್ಟುಹೋದಂತೆಯೇ ಇತ್ತು. ಅವಳು ಒಂದು ಗಂಟನ್ನೂ ಮುಟ್ಟಿರಲಿಲ್ಲ. ಬಾಗಿಲ ಹತ್ತಿರ ಥಿನ್ನರಿನ ಸೀಸೆ, ಪಕ್ಕದಲ್ಲಿ ಹಳೆಯ ಬನಿಯನ್ನಿನ ಬಟ್ಟೆ.

"ಬರೆದವರು ನೀವು. ಅಳಿಸೋರೂ ನೀವೇ."

ಅವನು ಎದುರಾಡಲಿಲ್ಲ. ಮಂಡಿಯೂರಿ ಕೂತ. ಅವಳು ಹಾಲ್‌ನಲ್ಲಿದ್ದ ಒಂದೇ ನಿಜವಾದ ಕಿಟಕಿಯನ್ನು ವಾಸನೆ ಹೋಗಲೆಂದು ತೆರೆದಿಟ್ಟು, ಕುರ್ಚಿ ಹಾಕಿಕೊಂಡು ಕಾವಲು ಕೂತಳು. ಅವಳಿ ಗಂಟು ಹೋಯಿತು, ಎಮ್ಮೆಕಣ್ಣು ಬಂತು. ಸಿಡಿದ ಗಂಟು ಹೋಯಿತು, ಎಮ್ಮೆಕಣ್ಣು ಬಂತು. ನಾಟಕ ಮುಗಿದ ಮೇಲೆ ಎಷ್ಟೋ ಪರದೆಗಳ ಮೇಲೆ ಬೇರೆಯವರು ಸುಣ್ಣ ಬಳಿದದ್ದನ್ನು ಅವನು ನೋಡಿದ್ದ, ತನ್ನ ಕೈಯಿಂದಲೇ ಅಳಿಸಿದ್ದು ಇದೇ ಮೊದಲು. ಕಣ್ಣಲ್ಲಿ ನೀರು ಬಂತು. ಥಿನ್ನರ್ ಘಾಟು ಎಂದ. ಹೂಂ ಎಂದಳು.

ಅರ್ಧ ಹಾಲ್ ಆದಾಗ ಅವನು ತಲೆಯೆತ್ತದೆ ಹೇಳಿದ, "ಇದನ್ನ ನಿನ್ನಿಂದ ಕಿತ್ಕೋಬೇಕು ಅಂತ ಮಾಡಿದ್ದಲ್ಲ ಕಣೇ. ಕೈ ಕೇಳಲಿಲ್ಲ."

"ಗೊತ್ತು. ನಿಮ್ಮ ಕೈ ಯಾವತ್ತು ಯಾರ ಮಾತು ಕೇಳಿದೆ? ಆ ಮೂಲೆ ಬಿಟ್ರಿ ನೋಡಿ."

ಎಲ್ಲ ಮುಗಿದು ಕೊನೆಗೆ ಟೇಬಲ್ಲಿನ ಹತ್ತಿರದ ಹುಳದ ತೂತು ಒಂದು ಉಳಿಯಿತು. ಪರದೆಪ್ಪ ಅದನ್ನು ಒಂದು ಸಲ ಕಣ್ಣುತುಂಬ ನೋಡಿಕೊಂಡು, ಬಟ್ಟೆಗೆ ಥಿನ್ನರ್ ಸುರಿದು ಕೈ ಚಾಚಿದ. ತೂತಿನ ಮೇಲೆ ಕ್ಯಾಶಿಯರಮ್ಮನ ಬರಿಗಾಲು ಬಂದು ಕೂತಿತು.

"ಕಾಲು ತೆಗಿ. ಇದೊಂದು ಆದ್ರೆ ಮುಗೀತು."

"ಇದಕ್ಕೆ ಕೈ ಹಚ್ಚಬೇಡಿ."

"ಯಾಕೆ? ಇದೂ ನಾನು ಬರೆದದ್ದೇ ಅಲ್ವಾ?"

"ಬರೆದದ್ದು ನೀವೇ" ಎಂದಳು ಕ್ಯಾಶಿಯರಮ್ಮ. "ಆದ್ರೆ ಇಷ್ಟೊಂದರಲ್ಲಿ ಇದನ್ನ ಆರಿಸಿದ್ದು ನಾನು."